ದೊಡ್ಡಣ್ಣ ಶೋಕೇಸಿನಲ್ಲಿ ಕೂರಬೇಕೆ?

ಈ ಸಲದ ಪತ್ರಗಳಲ್ಲಿ ಮೂಡಿಗೆರೆ ಕಡೆಯ ಅಜ್ಜರೊಬ್ಬರದನ್ನು ಎತ್ತಿಕೊಂಡಿದ್ದೇನೆ. ವಿಷಯ ಇಷ್ಟು. ಹೊರದೇಶದಲ್ಲಿರುವ ಅಳಿಯಂದಿರು ಒಂಬತ್ತು ವರ್ಷದ ಮೊಮ್ಮಗನಿಗೆ ಲೆಗೋ ಸೆಟ್, ಅಂದರೆ ಪ್ಲಾಸ್ಟಿಕ್ ಇಟ್ಟಿಗೆಗಳನ್ನು ಒಂದಕ್ಕೊಂದು ಕಚ್ಚಿಸಿ ಕಟ್ಟುವ ಆಟಿಕೆ ತಂದಿದ್ದಾರೆ. ‘ಸ್ಟಾರ್ ವಾರ್ಸ್’ ಸಿನಿಮಾದ ಎಕ್ಸ್-ವಿಂಗ್ ವಿಮಾನ. 474 ಪೀಸು, ನಾಲ್ಕು ಗೊಂಬೆ. ತಂದವರೇ, “ಸೀಲ್ ಒಡೀಬೇಡಿ, ಮುಂದೆ ಒಳ್ಳೆ ಬೆಲೆ ಬರುತ್ತೆ” ಅಂತ ಹೇಳಿ ವಿಮಾನ ಹತ್ತಿದ್ದಾರೆ. ಅಜ್ಜಿ, “ಒಂದ್ಸಲ ಕಟ್ಟಿ ಶೋಕೇಸಲ್ಲಿಡೋಣ” ಅಂತಾರೆ. ಹುಡುಗ ಡಬ್ಬಿಯ ಪಕ್ಕದಲ್ಲೇ ಮಲಗುತ್ತಾನೆ. ಯಾರ ಮಾತು ಸರಿ, ಅಷ್ಟು ದುಡ್ಡಿಗೆ ಅದರಲ್ಲಿ ಏನಿದೆ ಅಂತ ಅಜ್ಜರು ಕೇಳಿದ್ದಾರೆ.

ಸರಿಯಾದ ಕಡೆಗೇ ಬರೆದಿದ್ದೀರಿ ಸ್ವಾಮಿ. 2021ರಲ್ಲಿ ಬಂದ ಈ ಸೆಟ್ ನಮ್ಮ ಮನೆಗೂ ಬಂದಿತ್ತು, ತಂಗಿ ಮಗಳಿಗೆ ಅಂತ. ಹಾಸನದ ನಮ್ಮ ನಡುಮನೆಯಲ್ಲಿ ಚಾಪೆ ಹಾಸಿ, ಎರಡು ರಾತ್ರಿ ಮಂಡಿ ನೋವು ಮಾಡಿಕೊಂಡು ಕಟ್ಟಿದ್ದೇವೆ. ಗುಂಡಿ ಒತ್ತಿದರೆ ನಾಲ್ಕೂ ರೆಕ್ಕೆ ಎಕ್ಸ್ ಆಕಾರಕ್ಕೆ ತೆರೆದುಕೊಳ್ಳುತ್ತವೆ. ನನಗೆ ಅರವತ್ತು ದಾಟಿದೆ. ಆದರೂ ಹತ್ತು ಸಲ ಒತ್ತಿದೆ.

ಇನ್ನು ಗೊಂಬೆಗಳು. ಸಿನಿಮಾದ ನಾಯಕ ಲ್ಯೂಕ್, ರಾಜಕುಮಾರಿ ಲೇಯಾ, ಚಾಲಕನ ಹಿಂದೆ ಕೂರುವ ಆರ್‌ಟೂ-ಡೀಟೂ ಅನ್ನೋ ಪುಟ್ಟ ಯಂತ್ರ, ಆಮೇಲೆ ಬಿಳಿ ಗಡ್ಡದ ಜನರಲ್ ಡೊಡೊನ್ನಾ. ನಮ್ಮ ಹುಡುಗಿ ಮೊದಲ ದಿನವೇ ಅವನನ್ನು ದೊಡ್ಡಣ್ಣ ಅಂತ ಕರೆದಳು, ಅದೇ ನಿಂತುಬಿಟ್ಟಿತು. ನಿಮ್ಮ ಅಳಿಯಂದಿರ ಕಣ್ಣು ಇರುವುದೂ ಈ ದೊಡ್ಡಣ್ಣನ ಮೇಲೇ ಇರಬೇಕು. ಲೆಗೋದವರು ಅವನನ್ನು ಗೊಂಬೆ ಮಾಡಿದ್ದು ಈ ಸೆಟ್ಟಿನಲ್ಲೇ ಮೊದಲು. ಕೂಡಿಡುವವರಿಗೆ ಅಷ್ಟು ಸಾಕು. ಅವರ ಲೆಕ್ಕ ತಪ್ಪು ಅನ್ನಲ್ಲ. ಸೀಲ್ ಒಡೆಯದ ಹಳೆ ಸೆಟ್ಟಿಗೆ ಜಾಸ್ತಿ ದುಡ್ಡು ಕೊಡುವವರು ಇದ್ದಾರೆ, ನಿಜ. ಆದರೆ ಅವರು ಡಬ್ಬಿಯ ಮೂಲೆ ಕೂಡ ಮುಕ್ಕಾಗಿರಬಾರದು ಅಂತಾರೆ. ಮೂಡಿಗೆರೆಯ ಆಷಾಢದಲ್ಲಿ ರಟ್ಟಿನ ಡಬ್ಬಿ! ಬೀರುವಿನಲ್ಲಿಟ್ಟ ರೇಷ್ಮೆ ಸೀರೆಯನ್ನೇ ಬೂಷ್ಟು ಬಿಡಲ್ಲ ನಿಮ್ಮೂರಲ್ಲಿ.

ಈಗ ನನ್ನ ಲೆಕ್ಕ ಹೇಳ್ತೀನಿ. ಸಿನಿಮಾ ಸೆಟ್ಟುಗಳನ್ನು ಎಲ್ಲರೂ ಗೊಂಬೆ ನೋಡಿ ಅಳೆಯುತ್ತಾರೆ. ಎಷ್ಟು ಗೊಂಬೆ ಕೊಟ್ಟಿದ್ದಾರೆ, ಅದರಲ್ಲಿ ಹೊಸದು ಯಾವುದು, ಅಂಗಿಯ ಮೇಲೆ ಎಷ್ಟು ಗೆರೆ ಅಚ್ಚಾಗಿದೆ. ಹಾಸನದವನ ಬಾಯಲ್ಲಿ ಬೇಲೂರು ಬಾರದೆ ಮಾತು ಮುಗಿಯಲ್ಲ, ಕ್ಷಮಿಸಿ. ಅಲ್ಲೂ ಇದೇ ಕಥೆ. ಗೈಡು ದರ್ಪಣಸುಂದರಿಯನ್ನು ತೋರಿಸಿದ, ಜನ ಫೋಟೋ ತೆಗೆದರು, ಮುಂದಕ್ಕೆ ಹೋದರು. ಗಾರೆ ಇಲ್ಲದೆ ಕಲ್ಲಿಗೆ ಕಲ್ಲು ಕಚ್ಚಿಸಿದ ಕೆಲಸ 1117ರಿಂದ ನಿಂತಿದೆಯಲ್ಲ, ಆ ಕಡೆ ಕತ್ತು ತಿರುಗಿಸುವವರು ಎಷ್ಟು ಜನ? ಲೆಗೋದ ಜೀವವೂ ಆ ಕಚ್ಚಿನಲ್ಲೇ ಇದೆ. ಡೆನ್ಮಾರ್ಕಿನ ಬಿಲ್ಲುಂಡ್ ಅನ್ನೋ ಹಳ್ಳಿಯ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯನ್‌ಸೆನ್ 1932ರಲ್ಲಿ ಮರದ ಆಟಿಕೆ ಮಾಡಲು ಶುರುಮಾಡಿದ. ಹೆಸರು ಬಂದದ್ದು ‘ಚೆನ್ನಾಗಿ ಆಡು’ ಅನ್ನುವ ಅವರ ಭಾಷೆಯ ಮಾತಿನಿಂದ. ಇವತ್ತಿನ ಇಟ್ಟಿಗೆಗೆ ಪೇಟೆಂಟು ಹಾಕಿದ್ದು 1958ರಲ್ಲಿ. ಆ ವರ್ಷದ ಇಟ್ಟಿಗೆ ನಿಮ್ಮ ಮೊಮ್ಮಗನ ವಿಮಾನಕ್ಕೆ ಈಗಲೂ ಟಕ್ ಅಂತ ಕೂರುತ್ತದೆ. ಮೇಲೆ ಎಂಟು ಉಬ್ಬು ಗುಂಡಿ ಇರುವ ಒಂದೇ ಬಣ್ಣದ ಆರು ಇಟ್ಟಿಗೆ ಕೊಟ್ಟರೆ ಅವನ್ನು 91 ಕೋಟಿಗೂ ಹೆಚ್ಚು ಬಗೆಯಲ್ಲಿ ಜೋಡಿಸಬಹುದಂತೆ. ಹಾಗಿದ್ದ ಮೇಲೆ 474 ಪೀಸಿನಿಂದ ಬರೀ ಒಂದು ವಿಮಾನ ಮಾಡಿ ಕೈ ತೊಳೆದುಕೊಳ್ಳೋದಾ?

ಕೈಕಾಲು ಆಡಿಸುವ ಗೊಂಬೆ ಬಂದಿದ್ದು 1978ರಲ್ಲಿ. ಇನ್ನೊಬ್ಬರ ಸಿನಿಮಾದ ಹಕ್ಕು ಪಡೆದು ಸೆಟ್ ಮಾಡಲು ಶುರುಮಾಡಿದ್ದು 1999ರಲ್ಲಿ, ಅದೂ ಇದೇ ಸ್ಟಾರ್ ವಾರ್ಸ್‌ನಿಂದ. ಗೊಂಬೆಯ ತಲೆಯ ಮೇಲೊಂದು ತೂತು ಇರುತ್ತದೆ, ನೋಡಿ. ಮಗು ಅಕಸ್ಮಾತ್ ನುಂಗಿದರೆ ಉಸಿರು ಕಟ್ಟದಿರಲಿ ಅಂತ ಮಾಡಿದ್ದು. ಮಕ್ಕಳು ಬಾಯಿಗೆ ಹಾಕ್ತಾರೆ ಅಂತ ಮಾಡಿದವರಿಗೇ ಗೊತ್ತು. ಕೈಯಲ್ಲಿ ಮುಟ್ಟಲೂಬಾರದು ಅಂತ ನಾವು ಗಾಜಿನೊಳಗೆ ಇಡ್ತೀವಿ.

ಈ ಶೋಕೇಸ್ ಅಂದರೆ ನನಗೆ ಮೊದಲಿಂದಲೂ ಆಗಲ್ಲ. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಸೋದರತ್ತೆ ಬೊಂಬಾಯಿಯಿಂದ ಕೀಲಿ ಕೊಟ್ಟರೆ ಓಡುವ ತಗಡಿನ ರೈಲು ತಂದಿದ್ದರು. ಬಂದ ಸಂಜೆ ಒಂದು ಸಲ ಓಡಿಸಿ ತೋರಿಸಿದರು. ಆಮೇಲೆ ಪ್ಲಾಸ್ಟಿಕ್ ಕವರಿನ ಸಮೇತ ಶೋಕೇಸು ಸೇರಿತು. ಅಲ್ಲಿ ಒಂದು ತಾಜ್‌ಮಹಲು, ಎರಡು ಕಪ್ಪು, ಧರ್ಮಸ್ಥಳದ ಆನೆ, ಅದರ ಪಕ್ಕ ನನ್ನ ರೈಲು. ನೆಂಟರು ಬಂದಾಗೆಲ್ಲ “ಇವನದ್ದು, ತುಂಬಾ ಜೋಪಾನ ಇವನು” ಅಂತ ಅಪ್ಪ ಹೊಗಳುತ್ತಿದ್ದರು. ಅಕ್ಕನ ಮದುವೆಗೆ ಸುಣ್ಣ ಹೊಡೆಸುವಾಗ ಅದನ್ನು ಹೊರಗೆ ತೆಗೆದರು. ಅಷ್ಟರಲ್ಲಿ ನಾನು ಕಾಲೇಜು. ಕೀಲಿ ತಿರುಗಲಿಲ್ಲ, ತುಕ್ಕು ಹಿಡಿದಿತ್ತು. ಅಪ್ಪ ಅದನ್ನು ಮತ್ತೆ ಒರೆಸಿ ಒಳಗೇ ಇಟ್ಟರು.

ಇವತ್ತಿನ ಮನೆಗಳಲ್ಲಿ ಗಾಜಿನ ಬಾಗಿಲು ಕಮ್ಮಿಯಾಗಿರಬಹುದು, ಅಭ್ಯಾಸ ಹೋಗಿಲ್ಲ. ಶಾಲೆಯ ಪ್ರಾಜೆಕ್ಟಿಗೆ ಥರ್ಮಾಕೋಲಿನ ಜ್ವಾಲಾಮುಖಿ ಸ್ಟೇಷನರಿ ಅಂಗಡಿಯಲ್ಲಿ ರೆಡಿಮೇಡ್ ಸಿಗುತ್ತದೆ. ಮಗು ಮಾಡಿದ ಸೊಟ್ಟ ಮಾಡೆಲಿಗೆ ಮೂರು ಮಾರ್ಕು, ಅಂಗಡಿಯದಕ್ಕೆ ಒಂಬತ್ತು. ಅಂಗಡಿಯದನ್ನು ತಂದ ಅಮ್ಮಂದಿರನ್ನು ಬಯ್ಯಲ್ಲ, ಮಾರ್ಕು ಹಾಕಿದವರನ್ನು ಬಯ್ತೀನಿ. ಬೇಸಿಗೆ ಶಿಬಿರದಲ್ಲಿ ಮಣ್ಣಿನ ಆಟ ಅಂತ ಫೀಸು ಕಟ್ಟಿಸಿಕೊಳ್ಳುತ್ತಾರೆ, ಮನೆ ಹಿತ್ತಲಿನಲ್ಲಿ ಮಣ್ಣು ಮುಟ್ಟಿದರೆ ಏಟು. ಇರಲಿ, ಇದನ್ನು ಬರೆಯುತ್ತಾ ಹೋದರೆ ಮುಂದಿನ ಸಂಚಿಕೆಗೂ ಜಾಗ ಸಾಲದು.

ನಿಮ್ಮ ಪತ್ರದಲ್ಲಿ ಒಂದು ಸಾಲು ಇಷ್ಟವಾಯಿತು. “ಕಟ್ಟಿದ್ದನ್ನು ಮತ್ತೆ ಒಡೆದರೆ ದಂಡ ಅಲ್ಲವೇ” ಅಂತ ಬರೆದಿದ್ದೀರಿ. ಕಾಫಿ ತೋಟದವರು ನೀವು, ಪ್ರತಿವರ್ಷ ಗಿಡದ ರೆಂಬೆ ಸವರೋದು ದಂಡ ಅಂತೀರಾ? ನಮ್ಮ ಮನೆಯ ಎಕ್ಸ್-ವಿಂಗ್ ಹಾರಾಡಿದ್ದು ಮೂರು ವಾರ. ಆಮೇಲೆ ಅದು ದನದ ಕೊಟ್ಟಿಗೆ ಆಯಿತು, ಒಂದು ಸೇತುವೆ ಆಯಿತು, ಸಕಲೇಶಪುರದ ಘಾಟಿಯಲ್ಲಿ ಕೆಟ್ಟು ನಿಂತ ಬಸ್ಸೂ ಆಯಿತು. ಬಸ್ಸಿಗೆ ದೊಡ್ಡಣ್ಣನೇ ಕಂಡಕ್ಟರು, ಟಿಕೆಟ್ ಕೊಡದೆ ಲೇಯಾ ಹತ್ತಿರ ಬೈಸಿಕೊಳ್ಳುತ್ತಿದ್ದ. ದುಡ್ಡಿಗೆ ಏನಿದೆ ಅಂದಿರಲ್ಲ, ನನ್ನ ಪ್ರಕಾರ ಇದೇ ಇರೋದು. ಗೊಂಬೆ ಚೆನ್ನಾಗಿವೆ, ವಿಮಾನವೂ ಚೆನ್ನಾಗಿದೆ. ವಿಮಾನ ಮುರಿದ ಮೇಲೆ ಉಳಿಯುವ ರಾಶಿ ಇನ್ನೂ ಚೆನ್ನಾಗಿದೆ.

ಅಳಿಯಂದಿರಿಗೆ ನನ್ನ ಹೆಸರು ಹೇಳಿ, ಬೈಗುಳ ನಾನು ತಿಂತೀನಿ. ಡಬ್ಬಿ ಇವತ್ತೇ ಬಿಚ್ಚಿ. ಚೀಲಗಳನ್ನು ಒಟ್ಟಿಗೆ ಸುರಿಯಬೇಡಿ, ನಂಬರ್ ಪ್ರಕಾರ ಒಂದೊಂದೇ ತೆಗೆಯಿರಿ. ಸಣ್ಣ ಪೀಸಿಗೆ ಊಟದ ತಟ್ಟೆ ಇಟ್ಟುಕೊಳ್ಳಿ, ಅಂಚು ಇರುವಂಥದ್ದು. ಮನೆಯಲ್ಲಿ ಅಂಬೆಗಾಲಿಡುವ ಮಗು ಇದ್ದರೆ ಬಾಗಿಲು ಹಾಕಿಕೊಂಡು ಕೂರಿ. ಕಸ ಗುಡಿಸುವವರಿಗೆ ಮೊದಲೇ ಹೇಳಿಡಿ, ಮೊರದಲ್ಲಿ ಬಂದದ್ದನ್ನು ನೋಡದೆ ಚೆಲ್ಲಬಾರದು ಅಂತ. ನಮ್ಮ ಲ್ಯೂಕನ ಒಂದು ಕೈ ಹಾಗೇ ಹೋಯಿತು.

— ಸಂಪಾದಕ