ಆ ಶಲ್ಯ ತೆಗೆದಿಡಿ

ರಾಣೆಬೆನ್ನೂರು ಕಡೆಯ 24 ವರ್ಷದ ಓದುಗರೊಬ್ಬರು ಬರೆದಿದ್ದಾರೆ. ಹುಟ್ಟಿನಿಂದಲೇ ಎಡಗೈ ಮೊಣಕೈವರೆಗೆ ಮಾತ್ರ. ಅಪ್ಪನ ಪಂಕ್ಚರ್ ಅಂಗಡಿಯಲ್ಲಿ ಕೆಲಸ, 16ನೇ ವಯಸ್ಸಿನಿಂದ ಸಂಜೆ ಹವ್ಯಾಸಿ ತಂಡದಲ್ಲಿ ನಾಟಕ. ಧಾರಾವಾಹಿಯೊಂದಕ್ಕೆ ಮೊಬೈಲಲ್ಲಿ ಎದೆಮಟ್ಟದ ಆಡಿಷನ್ ವಿಡಿಯೊ ಮಾಡಿ ಕಳಿಸಿದರು. ಆಯ್ಕೆಯೂ ಆಯಿತು. ಬೆಂಗಳೂರಿಗೆ ಹೋದರೆ, ಕೈ ನೋಡಿ ‘ಮೊದಲೇ ಹೇಳೋದಲ್ವಾ’ ಅಂದು ವಾಪಸ್ ಕಳಿಸಿದರು. ವಾರ ಬಿಟ್ಟು ಫೋನ್ ಬಂತು: ದೇವಸ್ಥಾನದ ಮುಂದೆ ಕೂರುವ ಭಿಕ್ಷುಕನ ಪಾತ್ರ, ಒಂದು ದಿನದ ಕೆಲಸ. ಅಪ್ಪ ಮಾತ್ರ, ಇದೆಲ್ಲ ಬಿಟ್ಟು ಸರ್ಕಾರಿ ನೌಕರಿಗೆ ಓದು ಅಂತಿದ್ದಾರೆ. ‘ಯಾರ ಮಾತು ಕೇಳಲಿ ಮೇಡಂ?’

ತಮ್ಮಾ, ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ನೀವು ಸುಮ್ನೆ ಬರೆದು ಮುಂದೆ ಹೋದ ಒಂದು ಸಾಲು. ‘ನಮ್ಮ ನಾಟಕದ ಮೇಷ್ಟ್ರು ಒಳ್ಳೆಯವರು. ಯಾವ ಪಾತ್ರ ಕೊಟ್ಟರೂ ಎಡ ಹೆಗಲಿಗೊಂದು ಶಲ್ಯ ಹೊದಿಸುತ್ತಿದ್ದರು.’

ಎಂಟು ವರ್ಷ ಶಲ್ಯ ಹೊದಿಸಿದರಾ? ಧಾರಾವಾಹಿಯವರ ಮೇಲಿಗಿಂತ ಈ ಮೇಷ್ಟ್ರ ಮೇಲೆ ನನಗೆ ಜಾಸ್ತಿ ಸಿಟ್ಟು ಬರುತ್ತಿದೆ. ಅವರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ನಿಮ್ಮ ಕೈ ಮುಚ್ಚಿಡಬೇಕಾದದ್ದು ಅಂತ 16ನೇ ವಯಸ್ಸಿಗೇ ಕಲಿಸಿಬಿಟ್ಟರು. ವಿಡಿಯೊ ಎದೆಮಟ್ಟಕ್ಕೆ ನಿಂತದ್ದೂ ಅದರಿಂದಲೇ. ಮುಚ್ಚಿಟ್ಟು ಒಳಗೆ ಹೋದವರನ್ನು ಬಾಗಿಲಲ್ಲೇ ವಾಪಸ್ ಕಳಿಸುತ್ತಾರೆ. ಮದುವೆ ವಿಷಯಕ್ಕೂ, ಕೆಲಸದ ವಿಷಯಕ್ಕೂ ಈ ಅಂಕಣದಲ್ಲಿ ಇದನ್ನೇ ಬರೆಯುತ್ತಾ ಬಂದಿದ್ದೇನೆ.

ಅಮೆರಿಕದ ಹೆರಾಲ್ಡ್ ರಸೆಲ್ ಅವರ ಕಥೆ ಕೇಳಿ. ಸೈನ್ಯದ ತರಬೇತಿಯಲ್ಲಿ ಸ್ಫೋಟವಾಗಿ 1944ರಲ್ಲಿ ಎರಡೂ ಕೈ ಕಳೆದುಕೊಂಡರು. ನಟನೆ ಅವರ ಕಸುಬೇ ಆಗಿರಲಿಲ್ಲ. 1946ರ ಒಂದು ಚಿತ್ರದಲ್ಲಿ ಅವರ ಕಬ್ಬಿಣದ ಕೊಕ್ಕೆಗಳನ್ನು ಕ್ಯಾಮೆರಾ ನೇರವಾಗಿ ತೋರಿಸಿತು. ಅದೇ ಕೊಕ್ಕೆಯಲ್ಲಿ ಬೆಂಕಿಕಡ್ಡಿ ಗೀರುತ್ತಾರೆ. ಆ ಒಂದೇ ಪಾತ್ರಕ್ಕೆ ಎರಡು ಆಸ್ಕರ್ ಬಂತು. ಅಷ್ಟು ದೂರ ಯಾಕೆ, 2011ರ ‘ಹುಡುಗರು’ ನೋಡಿರುತ್ತೀರಿ. ಅದರಲ್ಲಿದ್ದ ಅಭಿನಯಾ ಅವರಿಗೆ ಕಿವಿ ಕೇಳಿಸುವುದಿಲ್ಲ, ಮಾತು ಬರುವುದಿಲ್ಲ. ತಮಿಳು, ತೆಲುಗು, ಕನ್ನಡ ಮೂರರಲ್ಲೂ ನಟಿಸಿದ್ದಾರೆ.

ಭಿಕ್ಷುಕನ ಪಾತ್ರ ಬೇಡ. ಒಂದು ಸಲ ಕೂತರೆ ಮುಂದಿನ ಫೋನೂ ಅದಕ್ಕೇ ಬರುತ್ತದೆ. ಅಂಗವಿಕಲರನ್ನು ಹಳೇ ಅಚ್ಚಿನಲ್ಲೇ ತೋರಿಸಬೇಡಿ ಅಂತ ಸುಪ್ರೀಂ ಕೋರ್ಟೇ 2024ರ ಜುಲೈನಲ್ಲಿ ಸಿನಿಮಾದವರಿಗೆ ಹೇಳಿದೆ. ಅಪ್ಪನ ಜೊತೆ ಜಗಳವೂ ಬೇಡ. ನಾಳೆ ಈ ಹುಡುಗನ ಊಟಕ್ಕೇನು ಅನ್ನೋದು ಅವರ ಭಯ. ಪರೀಕ್ಷೆ ಬರೆಯಿರಿ, ನಾಟಕ ಬಿಡಬೇಡಿ.

ಟ್ಯೂಬನ್ನು ಎಡ ಮೊಣಕೈಯಡಿ ಒತ್ತಿ ಹಿಡಿದು, ಬಲಗೈಯಲ್ಲಿ ಅರದಿಂದ ಉಜ್ಜಿ, ಸೊಲ್ಯೂಷನ್ ಹಚ್ಚಿ, ಬಾಯಿಂದ ಊದಿ ಒಣಗಿಸಿ ಪ್ಯಾಚ್ ಕೂರಿಸುತ್ತೀರಿ ಅಂತ ಬರೆದಿದ್ದೀರಲ್ಲ. ಓದುವಾಗ ಕಣ್ಣಿಗೆ ಕಟ್ಟಿತು. ನೀವು ಮಾಡಬೇಕಾದ್ದು ಒಂದೇ ಕೆಲಸ. ಈ ಭಾನುವಾರ ಅಂಗಡಿಯಲ್ಲೇ, ಅದನ್ನು ಮಾಡುತ್ತಾ ನಿಮಗಿಷ್ಟವಾದ ಮಾತೊಂದನ್ನು ಹೇಳಿ ವಿಡಿಯೊ ಮಾಡಿ. ತಲೆಯಿಂದ ಕಾಲವರೆಗೆ ಪೂರ್ತಿ ಕಾಣಬೇಕು. ಶರ್ಟು ಅರ್ಧ ತೋಳಿನದ್ದೇ ಹಾಕಿಕೊಳ್ಳಿ. ಮೊದಲು ಮೇಷ್ಟ್ರಿಗೆ ತೋರಿಸಿ, ಆಮೇಲೆ ಬೆಂಗಳೂರಿಗೆ ಕಳಿಸಿ.