ಹಳೆ ಗಾಡಿಗೆ ಫ್ಯೂಯಲ್ ಪಂಪ್ ಹುಡುಕೋರು ಮೊದ್ಲ ಬಾನೆಟ್ ಎತ್ರಿ

ಬ್ಯಾಸಿಗಿ ಬಂತಂದ್ರ ನನಗ ಬರೋ ಪ್ರಶ್ನೆ ಎಲ್ಲಾ ಒಂದೇ ನಮೂನಿ. "ಸರ್, ಗಾಡಿ ನಡು ದಾರ್ಯಾಗ ಬಂದ್ ಬೀಳ್ತದ, ಮಿಸ್ತ್ರಿ ಪಂಪ್ ಹೋಗ್ಯದ ಅಂತಾನ, ಯಾವ ಪಂಪ್ ಹಾಕ್ಬೇಕು?" ಗಾಡಿ ಯಾವುದು, ಪೆಟ್ರೋಲ್ ಗಾಳಿ ಕಲಸಿ ಎಂಜಿನ್ನಿಗೆ ಕೊಡೋ ಹಳೆ ಕಾರ್ಬೊರೇಟರೋ, ಕಂಪ್ಯೂಟರ್ ಹೇಳಿದಂಗ ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಷನ್ನೋ, ಒಂದೂ ಬರ್ದಿರಂಗಿಲ್ಲ, ಉತ್ತರ ಮಾತ್ರ ಇವತ್ತೇ ಬೇಕು. ಅದಕ್ಕ ಈ ಸಲ ಒಂದು ಪ್ರಶ್ನೆಗೆ ಪೂರಾ ಹೇಳ್ತೀನಿ, ಉಳಿದವರು ಅದ್ರಾಗ ತಮ್ಮದು ಹುಡುಕ್ಕೊಳ್ರಿ.

ಸೇಡಂನಿಂದ ಒಬ್ರು: ನಮ್ಮ ಅಪ್ಪನವರದು 1996ರ ಮಾರುತಿ 800, ಕಾರ್ಬೊರೇಟರ್ ಗಾಡಿ. ಪಂಪಿನ ಕೆಳಗ ಪೆಟ್ರೋಲ್ ಸೋರ್ತಿತ್ತು. ಅಂಗಡಿಯವರು ಹಳೆ ಪಂಪ್ ಈಗ ಸಿಗಂಗಿಲ್ಲ ಅಂತ ಎಲೆಕ್ಟ್ರಿಕ್ ಪಂಪ್ ಕೊಟ್ರು, ಎಲ್ಲಾ ಗಾಡಿಗೂ ಕೂಡ್ತದ ಅಂದ್ರು. ಹಾಕಿಸಿದ ಮ್ಯಾಲ ಕಪ್ಪು ಹೊಗಿ, ಪೆಟ್ರೋಲ್ ವಾಸ್ನಿ, ಆವರೇಜ್ ಬಿದ್ದದ. ಈಗ ಕಾರ್ಬೊರೇಟರ್ ಬದ್ಲಿ ಮಾಡ್ಸು ಅಂತಾರ. ಮಾಡಿಸ್ಲೇನು?

ಬ್ಯಾಡ್ರಿ. ಕಾರ್ಬೊರೇಟರ್ ಮುಟ್ಟಬ್ಯಾಡ್ರಿ, ಮೊದ್ಲ ಆ ಪಂಪ್ ಕಳಚ್ರಿ. ನಿಮ್ಮ ಗಾಡಿಗೆ ಕಂಪನಿಯಿಂದ ಬಂದದ್ದು ಮೆಕ್ಯಾನಿಕಲ್ ಪಂಪ್, ಒಳಗ ಒಂದು ರಬ್ಬರ್ ಡಯಾಫ್ರಾಮ್ ಇರ್ತದ, ಕ್ಯಾಮ್‌ಶಾಫ್ಟ್ (ಎಂಜಿನ್ ಒಳಗಿನ ಉಬ್ಬು ಇರೋ ದಂಡ) ತಿರುಗಿ ಪಂಪಿನ ಆರ್ಮ್ ಒತ್ತಿದಂಗ ಅದು ಮ್ಯಾಲ ಕೆಳಗ ಆಡ್ತದ, ಅದ್ರಿಂದ ಬರೋ ಪ್ರೆಷರ್ 0.2ರಿಂದ 0.3 ಬಾರ್, ಅಷ್ಟ. ಕಾರ್ಬೊರೇಟರ್ ಒಳಗಿನ ಫ್ಲೋಟ್ ನೀಡಲ್, ಅಂದ್ರ ಪೆಟ್ರೋಲ್ ಸಾಕಾದ ಕೂಡ್ಲೆ ದಾರಿ ಮುಚ್ಚೋ ಸಣ್ಣ ಸೂಜಿ, ತಡ್ಕೊಳ್ಳೋದೂ ಅಷ್ಟ. ನಿಮಗ ಕೊಟ್ಟಿದ್ದು ಇಂಜೆಕ್ಷನ್ ಗಾಡಿ ಪಂಪೇ ಇರ್ಬೇಕು, ಅದು 3 ಬಾರ್ ಆಸುಪಾಸು ದೂಡ್ತದ, ಹತ್ತು ಪಟ್ಟು ಆಯ್ತು. ಸಣ್ಣ ಬಾಗಲ್ದ ಚಿಲಕಕ್ಕ ಎಮ್ಮಿ ಗುದ್ದಿದಂಗ. ನೀಡಲ್ ನಿಲ್ಲಂಗಿಲ್ಲ, ಪೆಟ್ರೋಲ್ ಉಕ್ಕಿ ಎಂಜಿನ್ ಒಳಗ ಹೋಗ್ತದ, ಪ್ಲಗ್ ಕಪ್ಪಾಗ್ತಾವ, ಆಯಿಲ್ ತೆಳ್ಳಗಾಗ್ತದ. ಕಾರ್ಬೊರೇಟರಿಗೆ ಕೂಡೋ ಕಡಿಮಿ ಪ್ರೆಷರಿನ ಎಲೆಕ್ಟ್ರಿಕ್ ಪಂಪ್ ಅವ, ಇಲ್ಲ ಅನ್ನಂಗಿಲ್ಲ, ಆದ್ರ "ಎಲ್ಲಾ ಗಾಡಿಗೂ ಕೂಡ್ತದ" ಅನ್ನೋನಿಗೆ ಇದ್ರ ಪ್ರೆಷರ್ ಎಷ್ಟಪಾ ಅಂತ ಒಂದು ಮಾತು ಕೇಳಿ ನೋಡ್ರಿ, ಬಾಕ್ಸ್ ತಿರುವಿ ಮುರುವಿ ನೋಡ್ತಾನ.

ಇನ್ನೊಂದು ಮಾತು ಅದ, ಇದು ನನಗ ಭಾಳ ಅಂಜಿಕಿ ಹಚ್ಚೋದು. ಮೆಕ್ಯಾನಿಕಲ್ ಪಂಪ್ ಎಂಜಿನ್ ನಿಂತ ಕೂಡ್ಲೆ ತಾನೂ ನಿಲ್ತದ. ನಿಮ್ಮ ಎಲೆಕ್ಟ್ರಿಕ್ ಪಂಪಿಗೆ ಚಾವಿಯಿಂದ ಸೀದಾ ವೈರ್ ಎಳದಿರ್ತಾರ, ಹುಮನಾಬಾದ್ ರಸ್ತಾದಾಗ ದೇವ್ರು ಮಾಡಬಾರ್ದು ಎಲ್ಲರೆ ಬಡದು ಎಂಜಿನ್ ಬಂದ್ ಆದ್ರೂ ಚಾವಿ ಆನ್ ಇರೋತನ ಪಂಪ್ ಪೆಟ್ರೋಲ್ ದೂಡ್ತಾನೇ ಇರ್ತದ, ಪೈಪ್ ಹರಿದಿದ್ರ ಬಿಸಿ ಸೈಲೆನ್ಸರ್ ಮ್ಯಾಲ. ಇಂಜೆಕ್ಷನ್ ಗಾಡಿಗಳೊಳಗ ಎಂಜಿನ್ ನಿಂತ್ರ ಕಂಪ್ಯೂಟರ್ ಪಂಪಿನ ರಿಲೇ (ಕರೆಂಟ್ ಸ್ವಿಚ್) ಕಟ್ ಮಾಡ್ತದ, ನಿಮ್ಮದಕ್ಕ ಅದು ಎಲ್ಲಿಂದ ಬರ್ಬೇಕು? ಕಟ್ ಆಫ್ ಇಲ್ಲದ ಎಲೆಕ್ಟ್ರಿಕ್ ಪಂಪ್ ಯಾರಿಗೂ ನಾ ಹಾಕಿ ಕೊಡಂಗಿಲ್ಲ, ಸಿಟ್ಟಾದ್ರ ಆಗ್ಲಿ.

ಮತ್ತ ಹಳೇದು ಸಿಗಂಗಿಲ್ಲ ಅಂದ್ರಲ್ಲ, ಅದು ಸುಳ್ಳು. ಸಿಗ್ತದ. ಕಲಬುರ್ಗಿಯಾಗ ಒಬ್ಬ ಇಲ್ಲ ಅಂದ ಕೂಡ್ಲೆ ಮುಗೀತೇನು, ಸೊಲ್ಲಾಪುರ ಅದ, ಹೈದರಾಬಾದ್ ಅದ. ಓಮ್ನಿಗೂ ಇದೇ 796 ಸಿಸಿ ಎಂಜಿನ್ ಇತ್ತು. ಹಂಗಂತ ಕಣ್ಣು ಮುಚ್ಚಿ ಓಮ್ನಿ ಪಂಪ್ ತರಬ್ಯಾಡ್ರಿ, ಹಳೆ ಪಂಪ್ ಕೈಯಾಗ ಹಿಡ್ಕೊಂಡು ಹೋಗ್ರಿ. ಗುಜರಿಗೆ ಹಾಕೀರಿ? ಹೋಗಿ ಇಸ್ಕೊಂಡ್ ಬರ್ರಿ. ಆರ್‌ಸಿ ಮ್ಯಾಲಿನ ವರ್ಷ ನಂಬಿ ಪಂಪ್ ಕೇಳೋರು ಅರ್ಧ ಮಂದಿ ತಪ್ಪು ಪಂಪ್ ತರ್ತಾರ, 2000ದ ಆಸುಪಾಸಿನ 800 ಇದ್ರಂತೂ ಮುಗೀತು, ಆಗ ಎರಡೂ ನಮೂನಿ ಬರ್ತಿದ್ವು, ಕಾರ್ಬೊರೇಟರ್ ಗಾಡಿಗೆ ಇಂಜೆಕ್ಷನ್ ಗಾಡಿಯ ಟಾಕಿ ಒಳಗ ಕೂಡೋ ಪಂಪ್ ತಂದು ಅಂಗಡಿಯವನ ಜೋಡಿ ಜಗಳಾ ಮಾಡ್ತಾರ.

ಕೌಂಟರ್ ಮ್ಯಾಲ ಹಳೇದು ಹೊಸದು ಬಾಜೂ ಬಾಜೂ ಇಡ್ರಿ. ಬೋಲ್ಟಿನ ತೂತು ಸರಿ ಕೂಡ್ತಾವ ಅಂದ್ರ ಆತು ಅನ್ನಬ್ಯಾಡ್ರಿ, ಕ್ಯಾಮ್ ಕಡೆ ಹೋಗೋ ಆರ್ಮ್ ಎಷ್ಟು ಉದ್ದ ಅದ, ಎಲ್ಲಿ ಬಾಗ್ಯದ ನೋಡ್ರಿ. ಆಮ್ಯಾಲ ಪೈಪ್ ಕೂಡ್ಸೋ ನಿಪ್ಪಲ್ ಎಣಸ್ರಿ. ಎರಡು ಇದ್ರ ಒಂದು ಟಾಕಿಯಿಂದ ಬರೋದು ಒಂದು ಕಾರ್ಬೊರೇಟರಿಗೆ ಹೋಗೋದು, ಮೂರು ಇದ್ರ ಮೂರನೇದು ರಿಟರ್ನ್. ಮೂರು ನಿಪ್ಪಲಿನ ಜಾಗಾಕ್ಕ ಎರಡರದು ಹಾಕಿ ರಿಟರ್ನ್ ಪೈಪಿಗೆ ಬೋಲ್ಟ್ ತುರುಕಿ ಬಂದ್ ಮಾಡೋ ಶಾಣ್ಯಾರು ಅವರ, ಆ ಪೈಪ್ ಇರೋದೇ ಹೆಚ್ಚಾದ ಪೆಟ್ರೋಲ್ ಮತ್ತ ಬಿಸಿಗೆ ಆದ ಆವಿ ಟಾಕಿಗೆ ವಾಪಸ್ ಹೋಗ್ಲಿ ಅಂತ. ನಮ್ಮ ಕಡಿ ಮೇ ತಿಂಗಳ ಬಿಸಲಾಗ ಅದನ್ನ ಬಂದ್ ಮಾಡಿದ್ರ ಏನಾಗ್ತದ ನೀವೇ ವಿಚಾರ ಮಾಡ್ರಿ.

ಹೊಸ ಪಂಪ್ ಕೈಯಾಗ ತೊಗೊಂಡು ಇನ್‌ಲೆಟ್ ನಿಪ್ಪಲಿಗೆ ಬೆರಳು ಒತ್ತಿ ಹಿಡೀರಿ, ಇನ್ನೊಂದು ಕೈಲಿಂದ ಆರ್ಮ್ ಎರಡು ಮೂರು ಸಲ ಒತ್ತಿ ಬಿಡ್ರಿ. ಬೆರಳು ಗಚ್ಚಂತ ಎಳ್ಕೋಬೇಕು, ಜರಾ ಹೊತ್ತು ಹಂಗೇ ಹಿಡದಿರ್ಬೇಕು. ಪುಸ್ ಅಂತ ಬಿಟ್ಟು ಬಿಟ್ರ ಅಲ್ಲೇ ವಾಪಸ್ ಕೊಡ್ರಿ. ಡೂಪ್ಲಿಕೇಟ್ ಮಾಲು ಅರ್ಧ ಇಲ್ಲೇ ಸಿಕ್ಕಿ ಬೀಳ್ತದ. ವರ್ಷಗಟ್ಟಲೆ ಡಬ್ಬಿಯೊಳಗ ಕುಂತ "ಒರಿಜಿನಲ್ ಹಳೆ ಸ್ಟಾಕ್" ಅಂದ್ರೂ ಖುಷಿ ಪಡಬ್ಯಾಡ್ರಿ, ರಬ್ಬರ್ ಬಿರುಸಾಗಿರ್ತದ, ಅದ್ರ ಮ್ಯಾಲ ಈಗಿನ ಪೆಟ್ರೋಲಿನೊಳಗ 20% ಎಥನಾಲ್, ಆ ಕಾಲದ ರಬ್ಬರ್ ಅದಕ್ಕಂತ ಮಾಡಿದ್ದಲ್ಲ. ಪಂಪ್ ಜೋಡಿ ಪೆಟ್ರೋಲ್ ಪೈಪ್ ಎಲ್ಲಾ ಬದಲ್ ಮಾಡ್ರಿ, ಎಥನಾಲಿಗೆ ತಡಿಯೋ ಪೈಪ್ ಅಂತ ಕೇಳಿ ತೊಗೋರಿ.

ಈಗ ಎಲ್ಲಾರೂ ಮರಿಯೋ ತುಂಡು. ಪಂಪ್ ಮತ್ತ ಎಂಜಿನ್ ನಡುವ ಕಂದು ಬಣ್ಣದ ದಪ್ಪ ಬೇಕಲೈಟ್ (ಗಟ್ಟಿ ಪ್ಲಾಸ್ಟಿಕ್) ತುಂಡು ಇರ್ತದ, ಎರಡೂ ಕಡೆ ಗ್ಯಾಸ್ಕೆಟ್. ಮಿಸ್ತ್ರಿ ಹಳೆ ಪಂಪ್ ಕಿತ್ತಾಗ ಅದು ಅಂಟ್ಕೊಂಡೇ ಬರ್ತದ, ಅದ್ರ ಜೋಡೀನೇ ಕಸಕ್ಕ ಹೋಗ್ತದ. ಅದು ಎಂಜಿನ್ ಶೆಕಿ ಪಂಪಿಗೆ ಹತ್ತದಂಗ ತಡೀತದ, ಮತ್ತ ಆರ್ಮ್ ಎಷ್ಟು ಒಳಗ ಹೋಗ್ಬೇಕು ಅನ್ನೋದೂ ಅದ್ರ ದಪ್ಪದ ಮ್ಯಾಲೇ ಅದ. ತೆಗದ್ರ ಕ್ಯಾಮ್ ಆರ್ಮನ್ನ ಹದ ಮೀರಿ ತಳ್ತದ, ಇವತ್ತಲ್ಲ ನಾಳಿ ಮುರೀತದ. ಸೋರ್ತದ ಅಂತ ಗ್ಯಾಸ್ಕೆಟ್ ಮ್ಯಾಲ ಗ್ಯಾಸ್ಕೆಟ್ ಕೂಡ್ಸಿದ್ರ ಆರ್ಮ್ ಪೂರಾ ಆಡಂಗಿಲ್ಲ, ಏರಿನ್ಯಾಗ ಗಾಡಿ ಎಳಿಯಂಗಿಲ್ಲ. ಹಳೆ ಪದ್ಮಿನಿ ಕಾರು ಇಟ್ಟೋರಿಗೂ ಇದೇ ಮಾತು.

ಹೊಸದು ಕೂಡ್ಸೋಕ್ಕಿಂತ ಮೊದ್ಲ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡೋ ಕಡ್ಡಿ) ಎಳದು ಮೂಸಿ ನೋಡ್ರಿ. ಪೆಟ್ರೋಲ್ ವಾಸ್ನಿ ಬಂದ್ರ, ಆಯಿಲ್ ಮಟ್ಟ ಏರಿದ್ರ, ಆಯಿಲ್ ಪೂರಾ ಚೆಲ್ಲಿ ಹೊಸದು ಹಾಕ್ರಿ, ಅದೇ ಆಯಿಲ್ ಮ್ಯಾಲ ಓಡ್ಸಿದ್ರ ಬೇರಿಂಗ್ ಹೋಗ್ತಾವ. ಪಂಪಿನ ಮೈಯಾಗ ಒಂದು ಸಣ್ಣ ತೂತು ಇರ್ತದ, ಡಯಾಫ್ರಾಮ್ ಹರದ್ರ ಹೊರಗ ಕಾಣ್ಲಿ ಅಂತನೇ ಕೊಟ್ಟಿದ್ದು ಅದು. ಅದಕ್ಕ ಎಂ-ಸೀಲ್ ಬಡದು ಸೋರೋದು ನಿಲ್ಲಿಸೀನಿ ಅನ್ನೋನ ಕಡೆ ಗಾಡಿ ಬಿಡಬ್ಯಾಡ್ರಿ. ಪೈಪ್ ಬಾಯಾಗ ಇಟ್ಟು ಪೆಟ್ರೋಲ್ ಎಳಿಯೋನ ಕಡೆನೂ ಬ್ಯಾಡ, ಒಂದು ಗುಟುಕು ಪುಪ್ಪಸಕ್ಕ ಹೋದ್ರ ದವಾಖಾನಿನೇ.

ಜೇವರ್ಗಿ: ಮಧ್ಯಾಹ್ನ ಬಂದ್ ಬೀಳ್ತದ, ಅರ್ಧ ತಾಸು ಬಿಟ್ರ ತಾನೇ ಚಾಲೂ ಆಗ್ತದ, ಪಂಪ್ ಎರಡು ಸಲ ಬದಲ್ ಮಾಡೀನಿ.
ಪಂಪ್ ಛಲೋ ಅದ, ರೊಕ್ಕ ಹೋತು. ಪೈಪಿನೊಳಗ ಪೆಟ್ರೋಲ್ ಆವಿ ಆಗ್ಲಿಕತ್ತದ. ಪಂಪಿಗೆ ಹಸಿ ಅರಬಿ ಸುತ್ತಿ ನೋಡ್ರಿ, ಲಗೂ ಚಾಲೂ ಆದ್ರ ಅದೇ ಖರೆ. ಪೈಪ್ ಎಲ್ಲಿ ಎಂಜಿನ್ನಿಗೆ ತಾಕ್ಯದ ಹುಡುಕಿ ಸರಸ್ರಿ, ಆ ಬೇಕಲೈಟ್ ಅದನೋ ಇಲ್ಲೋ ನೋಡ್ರಿ. ಟಾಕಿ ಮುಚ್ಚಳದ ಗಾಳಿ ತೂತು ಕಟ್ಟಿದ್ರೂ ಹಿಂಗೇ ಆಗ್ತದ, ಬಂದ್ ಬಿದ್ದಾಗ ಮುಚ್ಚಳ ಸಡಿಲ್ ಮಾಡಿದ್ರ ತಿಳೀತದ.

ಬೀದರ್: ಇಂಜೆಕ್ಷನ್ ಗಾಡಿ, ಎಲ್‌ಪಿಜಿ ಕಿಟ್ ಅದ, ಪೆಟ್ರೋಲ್ ಪಂಪ್ ಪದೇ ಪದೇ ಸುಡ್ತದ.
ಟಾಕಿಯಾಗ ಪೆಟ್ರೋಲ್ ಎಷ್ಟು ಇಡ್ತೀರಿ? ಆ ಮೋಟಾರಿಗೆ ಪೆಟ್ರೋಲೇ ತಂಪು. ಗ್ಯಾಸ್ ಮ್ಯಾಲ ಓಡುವಾಗ ಪಂಪ್ ಬಂದ್ ಆಗೋ ಹಂಗ ಕಿಟ್ ಹಾಕಿದವ ರಿಲೇ ಕೊಟ್ಟಾನೋ ಇಲ್ಲೋ ನೋಡ್ಸ್ರಿ.

ಆಳಂದ: 1990ರ ಬುಲೆಟ್ಟಿಗೆ ಯಾವ ಫ್ಯೂಯಲ್ ಪಂಪ್?
ಅದಕ್ಕ ಪಂಪೇ ಇಲ್ಲ. ಪೆಟ್ರೋಲ್ ಟಾಕಿಯಿಂದ ತಾನೇ ಇಳೀತದ. ಯಾರರೆ ಪಂಪ್ ಹೋಗ್ಯದ ಅಂದಿದ್ರ ಅವರ ಹೆಸರು ನನಗ ಹೇಳ್ರಿ.

ಹುಮನಾಬಾದ್: ಪೈಪಿಗೆ ಮ್ಯಾಗ್ನೆಟ್ ಕಟ್ಟಿದ್ರ, ಟಾಕಿಯಾಗ ಡಾಂಬರ್ ಗುಳಿಗಿ ಹಾಕಿದ್ರ ಆವರೇಜ್ ಬರ್ತದಂತ?
ಇಲ್ಲ.

ಶಹಾಪುರ: ಟ್ರಾಕ್ಟರ್ ಡೀಸೆಲ್ ಪೂರಾ ಖಾಲಿ ಆಗಿ ನಿಂತಿತ್ತು, ಡೀಸೆಲ್ ಹಾಕಿದ್ರೂ ಚಾಲೂ ಆಗವಲ್ದು, ಪಂಪ್ ಬದಲ್ ಮಾಡು ಅಂತಾರ.
ಗಾಳಿ ಹೊಕ್ಕದ. ಫಿಲ್ಟರಿನ ಬ್ಲೀಡ್ ಸ್ಕ್ರೂ (ಗಾಳಿ ಬಿಡೋ ಸ್ಕ್ರೂ) ಸಡಿಲ್ ಮಾಡಿ ಫೀಡ್ ಪಂಪಿನ ಹ್ಯಾಂಡ್ ಪ್ರೈಮರ್ (ಕೈಲೆ ಒತ್ತೋ ಗುಂಡಿ) ಒತ್ರಿ, ಗುಳ್ಳಿ ಹೋಗಿ ಬರೀ ಡೀಸೆಲ್ ಬರೋತನ. ಆಮ್ಯಾಲೂ ಆಗ್ಲಿಲ್ಲಂದ್ರ ಬರೀರಿ. ಫೋಟೋ ಕಳಸೋದಿದ್ರ ಬಾಕ್ಸಿಂದು ಬ್ಯಾಡ, ಪಂಪಿಂದು ಕಳಸ್ರಿ, ಪೈಪ್ ಎಲ್ಲಾ ಕಾಣೋ ಹಂಗ.