ತಿಕ್ಕಿ ತೊಳೆದ ರೂಪಾಯಿಗೆ ಬೆಳ್ಳಿಯ ಬೆಲೆ ಮಾತ್ರ

ದೀಪಾವಳಿಯ ಲಕ್ಷ್ಮೀಪೂಜೆ ಮುಗಿಯಿತೆಂದರೆ ನನಗೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆಯವು. ಊರು ಬೇರೆ, ಮನೆ ಬೇರೆ, ಮಾಡಿದ ಕೆಲಸ ಮಾತ್ರ ಒಂದೇ: ಹಳೆಯ ಬೆಳ್ಳಿ ನಾಣ್ಯವನ್ನು ತಿಕ್ಕಿ ತೊಳೆದದ್ದು. ಎಷ್ಟು ಸಲ ಹೇಳಿದರೂ ನಿಲ್ಲದ್ದರಿಂದ ಈ ಸಲದ ಅಂಕಣದ ಬಹುಪಾಲನ್ನು ಅದಕ್ಕೇ ಕೊಡುತ್ತಿದ್ದೇನೆ. ಉಳಿದವರು ಚುಟುಕು ಉತ್ತರಕ್ಕೆ ಬೇಸರಪಟ್ಟುಕೊಳ್ಳಬಾರದು.

ಪ್ರಶ್ನೆ: ನಮ್ಮ ಅತ್ತೆಯವರ ಸಂದೂಕದಲ್ಲಿ ರಾಣಿ ಛಾಪಿನ ಏಳು ಬೆಳ್ಳಿ ರೂಪಾಯಿಗಳು ಸಿಕ್ಕವು. ಎಲ್ಲವೂ ಕಪ್ಪಾಗಿದ್ದವು. ಪೂಜೆಗೆ ಇಡುವ ಮುಂಚೆ ಹುಣಸೆಹಣ್ಣು ಹಚ್ಚಿ, ಪಾತ್ರೆ ಬೆಳಗುವ ಪುಡಿಯಿಂದ ತಿಕ್ಕಿ ಲಕಲಕ ಹೊಳೆಯುವಂತೆ ಮಾಡಿದೆ. ಹುಬ್ಬಳ್ಳಿಯ ನಾಣ್ಯ ವ್ಯಾಪಾರಿಯೊಬ್ಬರಿಗೆ ತೋರಿಸಿದರೆ ಆರನ್ನು ‘ಕ್ಲೀನ್ಡ್’ ಎಂದರು, ಒಂದನ್ನು ‘ಎಕ್ಸ್-ಜ್ಯುವೆಲರಿ’ ಎಂದರು. ಬೆಳ್ಳಿಯ ತೂಕದ ಬೆಲೆಯ ಮೇಲೆ ಏನೂ ಕೊಡಲಾರೆ ಎಂದರು. ಅವರದೇ ಪಟ್ಟಿಯಲ್ಲಿ ಅದೇ 1862ರ ರೂಪಾಯಿಗೆ ವಿಎಫ್, ಎಕ್ಸ್‌ಎಫ್, ಯುಎನ್‌ಸಿ ಎಂದೆಲ್ಲ ದರ್ಜೆ ಬರೆದು ಹಲವು ಪಟ್ಟು ಬೆಲೆ ಹಾಕಿದ್ದಾರೆ. ನಮಗೆ ಮೋಸ ಮಾಡುತ್ತಿದ್ದಾರೆಯೇ?
– ಗೃಹಿಣಿ, ಗದಗ-ಬೆಟಗೇರಿ

ಉತ್ತರ: ಇಲ್ಲ ತಾಯಿ, ವ್ಯಾಪಾರಿ ಸರಿಯಾದ ಮಾತನ್ನೇ ಹೇಳಿದ್ದಾರೆ. ನಷ್ಟ ನಿಮ್ಮ ಮನೆಯಲ್ಲೇ ಆಗಿಹೋಗಿದೆ.

ಆ ರೂಪಾಯಿಯ ತೂಕ 11.66 ಗ್ರಾಂ, ಅಂದರೆ ಒಂದು ತೊಲ. ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ. ಗಾಳಿಯಲ್ಲಿರುವ ಗಂಧಕದ ಅಂಶ ತಗಲಿ ಬೆಳ್ಳಿಯ ಮೇಲೆ ತೆಳುವಾದ ಕಪ್ಪು ಪದರ ಕಟ್ಟುತ್ತದೆ. ಸಂಗ್ರಾಹಕರು ಇದನ್ನು ಟೋನಿಂಗ್ ಎನ್ನುತ್ತಾರೆ. ಅದು ಹೊರಗಿನಿಂದ ಬಂದು ಕೂತ ಕೊಳೆಯಲ್ಲ, ನಾಣ್ಯದ ಬೆಳ್ಳಿಯೇ ಹಾಗೆ ಮಾರ್ಪಟ್ಟಿರುತ್ತದೆ. ಅದನ್ನು ತಿಕ್ಕಿ ತೆಗೆದಿರೆಂದರೆ ನಾಣ್ಯದ ಮೈಯನ್ನೇ ತಿಕ್ಕಿ ತೆಗೆದಿರಿ.

ಹೋದದ್ದು ಅಷ್ಟೇ ಅಲ್ಲ. ಟಂಕಸಾಲೆಯಲ್ಲಿ ಅಚ್ಚು ಬಿಲ್ಲೆಯನ್ನು ಒತ್ತಿದಾಗ ಲೋಹ ಒಂದಿಷ್ಟು ಹರಿದು, ಬರಿಗಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಗೆರೆಗಳು ನಡುವಿನಿಂದ ಅಂಚಿನ ಕಡೆಗೆ ಮೂಡುತ್ತವೆ. ಇಳಕಲ್ ಸೀರೆಯ ರೇಷ್ಮೆ ಸೆರಗನ್ನು ಬೆಳಕಿಗೆ ಹೊರಳಿಸಿದಾಗ ಹೊಳಪು ಹೇಗೆ ಓಡಾಡುತ್ತದೆಯೋ, ಚಲಾವಣೆ ಕಾಣದ ನಾಣ್ಯದ ಮೇಲೂ ಹಾಗೆಯೇ ಓಡಾಡುತ್ತದೆ. ಇದೇ ಲಸ್ಟರ್. ಹುಣಸೆಯ ಹುಳಿಗೂ ಪುಡಿಯ ಮರಳಿಗೂ ಸಿಕ್ಕಿ ಒಮ್ಮೆ ಅಳಿಸಿಹೋದರೆ ಅದನ್ನು ಯಾವ ಪತ್ತಾರನೂ ಮರಳಿ ತರಲಾರ.

ನಿಮ್ಮ ರೂಪಾಯಿಯನ್ನು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ಒಮ್ಮೆ ನೋಡಿ. ರಾಣಿಯ ಕೆನ್ನೆಯ ಮೇಲೆ, ಮೂಗಿನ ಮುಂದಿನ ಖಾಲಿ ಜಾಗದಲ್ಲಿ, ಒಂದೇ ದಿಕ್ಕಿಗೆ ಓಡಿದ ಕೂದಲೆಳೆಯಂಥ ಗೀರುಗಳು ಕಾಣುತ್ತವೆ. ‘ವಿಕ್ಟೋರಿಯಾ’ ಎಂಬ ಅಕ್ಷರಗಳ ಸಂದಿಯಲ್ಲಿ ಮಾತ್ರ ಕಪ್ಪು ಉಳಿದಿರುತ್ತದೆ, ಕೆಲವೆಡೆ ಬಿಳಿ ಪುಡಿ ಗಟ್ಟಿಯಾಗಿ ಕೂತಿರುತ್ತದೆ. ಈ ಗೀರುಗಳಿಗೆ ಹೇರ್‌ಲೈನ್ ಎನ್ನುತ್ತಾರೆ. ಅನುಭವಿ ವ್ಯಾಪಾರಿಗೆ ಇದನ್ನು ಗುರುತಿಸಲು ಕನ್ನಡಿಯೂ ಬೇಡ, ಆ ನಿರ್ಜೀವ ಬಿಳುಪೇ ಸಾಕು.

ಇನ್ನು ದರ್ಜೆಗಳ ಮಾತು. ದರ್ಜೆ ಅಳೆಯುವುದು ಮುಖ್ಯವಾಗಿ ಸವೆತವನ್ನು. ನೀವು ಬೆಳಗಿ ತಂದ ಹೊಳಪಿಗೂ ಅದಕ್ಕೂ ಸಂಬಂಧವಿಲ್ಲ. ಈ ರೂಪಾಯಿಯಲ್ಲಿ ಮೊದಲು ಸವೆಯುವುದು ಉಬ್ಬಿದ ಭಾಗಗಳು: ಕೆನ್ನೆ, ಕಿವಿಯ ಬಳಿಯ ಕೂದಲು, ಕಿರೀಟ, ಉಡುಪಿನ ಮೇಲಿನ ಕಸೂತಿ. ಎಲ್ಲಿಯೂ ಸವೆತವಿಲ್ಲದಿದ್ದರೆ ಅನ್‌ಸರ್ಕ್ಯುಲೇಟೆಡ್, ಅಂದರೆ ಯುಎನ್‌ಸಿ. ಉಬ್ಬಿದ ತುದಿಗಳಲ್ಲಿ ಮಾತ್ರ ತುಸು ಸವೆದಿದ್ದರೆ ಎಕ್ಸ್‌ಟ್ರೀಮ್ಲಿ ಫೈನ್, ಅಂದರೆ ಎಕ್ಸ್‌ಎಫ್. ಕೂದಲಿನ ಎಳೆಗಳು ಅಲ್ಲಲ್ಲಿ ಒಂದಾಗಿ, ಕಸೂತಿಯ ಬಹುಭಾಗ ಇನ್ನೂ ಸ್ಪಷ್ಟವಾಗಿದ್ದರೆ ವೆರಿ ಫೈನ್, ಅಂದರೆ ವಿಎಫ್. ಅದರ ಕೆಳಗೆ ಫೈನ್, ಇನ್ನೂ ಕೆಳಗೆ ‘ಗುಡ್’. ಪಟ್ಟಿಯಲ್ಲಿ ‘ಗುಡ್’ ಎಂದು ನೋಡಿ ದುಡ್ಡು ಸುರಿಯಬೇಡಿ, ಅದು ಹೆಚ್ಚುಕಡಿಮೆ ತಳದ ಮೆಟ್ಟಿಲು. ತೊಳೆದ ನಾಣ್ಯಕ್ಕೆ ಈ ಮೆಟ್ಟಿಲುಗಳ ಮೇಲೆ ಜಾಗವೇ ಇಲ್ಲ. ಪ್ರಮಾಣೀಕರಿಸುವ ಸಂಸ್ಥೆಗಳೂ ಅಂಕ ಕೊಡದೆ, ‘ವಿಎಫ್ ಡೀಟೇಲ್ಸ್, ಕ್ಲೀನ್ಡ್’ (ವಿವರಗಳು ವಿಎಫ್ ಮಟ್ಟದವು, ಆದರೆ ತೊಳೆದದ್ದು) ಎಂದು ಬರೆದು ಕಳಿಸುತ್ತವೆ.

ಎಕ್ಸ್-ಜ್ಯುವೆಲರಿ ಎಂದ ಏಳನೆಯದರ ಅಂಚನ್ನು ಕಿರೀಟದ ನೇರಕ್ಕೆ ನೋಡಿ. ಅಲ್ಲಿ ಮೂರು-ನಾಲ್ಕು ಹಲ್ಲುಗಳು ಮುಚ್ಚಿ ನುಣುಪಾಗಿರುತ್ತವೆ, ಬೆಸುಗೆಯ ಮಂಕು ಕಲೆ ಇರುತ್ತದೆ. ಯಾರೋ ಕೊಂಡಿ ಬೆಸೆದು ಸರದಲ್ಲಿ ಪೋಣಿಸಿಕೊಂಡಿದ್ದಾರೆ, ಆಮೇಲೆ ಕೊಂಡಿಯನ್ನು ಅರದಿಂದ ಉಜ್ಜಿ ತೆಗೆದಿದ್ದಾರೆ. ನಮ್ಮ ಭಾಗದಲ್ಲಿ ರೂಪಾಯಿ ಸರ ಹಾಕಿಕೊಳ್ಳದ ತಾಂಡಾ ಇರಲಿಲ್ಲ, ಒಕ್ಕಲು ಮನೆಗಳಲ್ಲೂ ಇದ್ದವು. ಆ ಏಳನೆಯದನ್ನು ಮಾರಬೇಡಿ. ಮನೆಯ ಹೆಣ್ಣುಮಕ್ಕಳ ಕೊರಳಲ್ಲಿದ್ದ ನಾಣ್ಯ ಮನೆಯಲ್ಲೇ ಇರಲಿ.

ಉಳಿದ ಆರರಲ್ಲಿ ಒಂದು ಆಸೆ ಇದೆ. 1862 ಎಂದಿದ್ದ ಮಾತ್ರಕ್ಕೆ ಎಲ್ಲವೂ ಅದೇ ವರ್ಷದವಲ್ಲ. ಅದೇ ಇಸವಿಯ ಅಚ್ಚಿನಲ್ಲಿ 1874ರವರೆಗೂ ಟಂಕಿಸಿದ್ದಾರೆ, ಇಸವಿಯ ಬಳಿ ಪುಟ್ಟ ಚುಕ್ಕೆಗಳನ್ನು ಇಟ್ಟು ವ್ಯತ್ಯಾಸ ಮಾಡಿದ್ದಾರೆ. ಚುಕ್ಕೆಗಳ ಸಂಖ್ಯೆ, ಜಾಗ ನೋಡಿ ಬೆಲೆ ಬದಲಾಗುತ್ತದೆ. ನಿಮ್ಮ ಪುಡಿಗೆ ಅವು ಸಿಕ್ಕಿಲ್ಲವಾದರೆ ಎಣಿಸಿ ನನಗೆ ಬರೆಯಿರಿ.

ಇನ್ನು ಮುಂದೆ ಏನನ್ನೂ ಹಚ್ಚಬೇಡಿ. ಟೂತ್‌ಪೇಸ್ಟ್, ವಿನೆಗರ್ ಮತ್ತು ಉಪ್ಪು, ತಂಪು ಪಾನೀಯ ಎಂದು ಮೊಬೈಲಿನಲ್ಲಿ ವಿಡಿಯೊ ಮಾಡಿ ಕಲಿಸುವವರು ಊರ ಮನೆಗಳ ನಾಣ್ಯಗಳನ್ನು ಹಾಳುಗೆಡಹುತ್ತಿದ್ದಾರೆ. ಅವರ ಮಾತು ಕೇಳಬೇಡಿ. ಬೆಳ್ಳಿಯನ್ನು ಅದ್ದಿ ತೆಗೆಯುವ ದ್ರಾವಣವೂ ಬೇಡ. ತಾಮ್ರದ ನಾಣ್ಯವನ್ನಂತೂ ಮುಟ್ಟಲೇಬೇಡಿ, ಅದರ ಕಂದು ಪದರವೇ ಒಳಗಿನ ಲೋಹವನ್ನು ಕಾಯುವುದು. ಮಣ್ಣು ಮೆತ್ತಿದ್ದರೆ ಬಟ್ಟಿ ಇಳಿಸಿದ ನೀರಿನಲ್ಲಿ ನೆನೆಸಿ, ಹತ್ತಿಬಟ್ಟೆಯ ಮೇಲಿಟ್ಟು ಒತ್ತಿ ಆರಿಸಿ, ಒರೆಸಬೇಡಿ. ಅದೂ ಅನಿವಾರ್ಯವಾದರೆ ಮಾತ್ರ. ವಾಸನೆ ಬರುವ ಮೆತ್ತನೆಯ ಪಿವಿಸಿ ಆಲ್ಬಮ್‌ನಿಂದ ಇವತ್ತೇ ಹೊರತೆಗೆಯಿರಿ, ಅದು ನಾಣ್ಯದ ಮೇಲೆ ಹಸಿರು ಅಂಟು ಬಿಡುತ್ತದೆ. ಗಡುಸಾದ ಪಾರದರ್ಶಕ ಡಬ್ಬಿಗಳು ಸಿಗುತ್ತವೆ, ಜೊತೆಗೊಂದು ಸಿಲಿಕಾ ಜೆಲ್ ಪೊಟ್ಟಣವಿರಲಿ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಬೀರುವಿನೊಳಗೂ ತೇವ ಹೊಕ್ಕುತ್ತದೆ.

ಕಪ್ಪು ರೂಪಾಯಿ ಇಟ್ಟರೆ ಪೂಜೆ ಕೆಡುವುದಿಲ್ಲ. ಹೊಳೆಯುವುದೇ ಬೇಕೆಂದರೆ ಸರಾಫರ ಅಂಗಡಿಯಲ್ಲಿ ಲಕ್ಷ್ಮಿಯ ಹೊಸ ಬೆಳ್ಳಿ ನಾಣ್ಯ ಸಿಗುತ್ತದೆ. ಅದನ್ನು ಎಷ್ಟು ಬೇಕಾದರೂ ಬೆಳಗಿ.

ಪ್ರಶ್ನೆ: ಈಸ್ಟ್ ಇಂಡಿಯಾ ಕಂಪನಿಯ 1818ರ ತಾಮ್ರದ ಒಂದಾಣೆ ನನ್ನಲ್ಲಿದೆ, ಹಿಂಬದಿಗೆ ರಾಮದರ್ಬಾರ್ ಇದೆ. ಅಕ್ಕಿ ಕಾಳನ್ನು ಸೆಳೆಯುತ್ತದೆಯಂತೆ. ಪರೀಕ್ಷೆಗೆ ಹಣ ಕಟ್ಟಿದರೆ ಕೋಟಿ ಕೊಡಿಸುತ್ತೇವೆ ಎನ್ನುತ್ತಿದ್ದಾರೆ.
– ಓದುಗ, ರಾಣೆಬೆನ್ನೂರು

ಉತ್ತರ: ಬಿಡಿಗಾಸೂ ಕಟ್ಟಬೇಡಿ. ಕಂಪನಿ ಇಂಥ ನಾಣ್ಯವನ್ನು ಟಂಕಿಸಿಯೇ ಇಲ್ಲ. ಬ್ರಿಟಿಷ್ ಸರ್ಕಾರದ ಒಂದಾಣೆ ನಾಣ್ಯ ಬಂದದ್ದು 1907ರಲ್ಲಿ, ಅದೂ ತಾಮ್ರದ್ದಲ್ಲ, ಅಲೆಯಂಚಿನ ತಾಮ್ರ-ನಿಕ್ಕಲ್ ಮಿಶ್ರಲೋಹದ್ದು. ನಿಮ್ಮದು ಇತ್ತೀಚೆಗೆ ಯಾರೋ ಮಾಡಿ ಮಾರಿದ ಬಿಲ್ಲೆ. ನಾವು ಇದನ್ನು ಫ್ಯಾಂಟಸಿ ಎನ್ನುತ್ತೇವೆ. ಭಕ್ತರಿಗಾಗಿ ಮಾಡುತ್ತಿದ್ದ ಹಳೆಯ ರಾಮಟಂಕಗಳು ಬೇರೆ, ಅವುಗಳ ಮೇಲೆ ಕಂಪನಿಯ ಹೆಸರಿಲ್ಲ. ತಾಮ್ರ ಅಕ್ಕಿಯನ್ನು ಸೆಳೆಯುವುದಿಲ್ಲ. ರೈಸ್ ಪುಲ್ಲಿಂಗ್ ಎನ್ನುವ ಈ ದಂಧೆಯಲ್ಲಿ ಹೊಲ ಮಾರಿ ಹಣ ಕಟ್ಟಿದ ಮನೆಗಳಿವೆ. ಹಣ ಕೇಳಿದವರ ಫೋನ್ ನಂಬರನ್ನು ಪೊಲೀಸ್ ಠಾಣೆಗೆ ಕೊಡಿ.

ಪ್ರಶ್ನೆ: 2012ರ ವೈಷ್ಣೋದೇವಿ ಐದು ರೂಪಾಯಿಗೆ ಹತ್ತು ಲಕ್ಷ ಸಿಗುತ್ತದೆಯೇ?

ಉತ್ತರ: ಕೈಯಿಂದ ಕೈಗೆ ಓಡಾಡಿದ್ದಾದರೆ ಐದು ರೂಪಾಯಿ. ತನ್ನ ಹೆಸರು ಹೇಳಿಕೊಂಡು ಹಳೆಯ ನಾಣ್ಯ, ನೋಟುಗಳ ವ್ಯವಹಾರಕ್ಕೆ ಶುಲ್ಕ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ.

ಪ್ರಶ್ನೆ: ನನ್ನ ನಾಣ್ಯದಲ್ಲಿ ಇಸವಿಯ ಕೆಳಗೆ ಗುರುತೇ ಇಲ್ಲ. ಇದು ತಪ್ಪಾಗಿ ಅಚ್ಚಾದ ಎರರ್ ನಾಣ್ಯವೇ?

ಉತ್ತರ: ಅಲ್ಲ. ಆ ಗುರುತು ಟಂಕಸಾಲೆಯದು: ವಜ್ರ ಮುಂಬೈ, ನಕ್ಷತ್ರ ಹೈದರಾಬಾದ್, ಚುಕ್ಕೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ.

ಪ್ರಶ್ನೆ: ಲಕ್ಕುಂಡಿ ಕಡೆಯ ಹೊಲದಲ್ಲಿ ರಂಟೆ ಹೊಡೆಯುವಾಗ ಸಿಕ್ಕ ಲೊಕ್ಕಿ ಗದ್ಯಾಣ ಎಂದು ಪರಿಚಿತರೊಬ್ಬರು ಚಿನ್ನದ ನಾಣ್ಯ ಮಾರುತ್ತಿದ್ದಾರೆ. ಕೊಳ್ಳಬಹುದೇ?
– ಶಿಕ್ಷಕ, ಅಣ್ಣಿಗೇರಿ

ಉತ್ತರ: ಕೊಳ್ಳಬೇಡಿ. ಲಕ್ಕುಂಡಿಯ ಹಳೆಯ ಹೆಸರಾದ ಲೊಕ್ಕಿಗುಂಡಿಯ ಟಂಕಸಾಲೆಯ ಗದ್ಯಾಣಗಳು ಶಾಸನಗಳಲ್ಲಿ ಬರುವುದು ನಿಜ. ಆ ಹೆಸರನ್ನೇ ಬಂಡವಾಳ ಮಾಡಿಕೊಂಡು ಹಿತ್ತಾಳೆಗೆ ಚಿನ್ನದ ನೀರು ಕುಡಿಸಿ ಮಾರುವವರಿದ್ದಾರೆ. ಅಸಲಿಯಾದರೆ ಇನ್ನೂ ಕಷ್ಟ. 1962ರ ಕರ್ನಾಟಕದ ನಿಧಿ ಕಾಯ್ದೆಯ ಪ್ರಕಾರ ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಲೇಬೇಕು, ಮುಚ್ಚಿಟ್ಟರೆ ಅಪರಾಧ. ಕಾನೂನಿಗಿಂತ ನನಗೆ ಹೆಚ್ಚು ಸಂಕಟ ಕೊಡುವುದು ಬೇರೆ: ಮಡಕೆ ಯಾವುದು, ಎಷ್ಟು ಆಳದಲ್ಲಿತ್ತು, ಜೊತೆಗೆ ಯಾವ ಯಾವ ನಾಣ್ಯಗಳಿದ್ದವು ಎಂಬುದು ಗೊತ್ತಿದ್ದರೆ ಯಾರು, ಯಾವಾಗ ಹೂತರು ಎಂದು ಹೇಳಬಹುದು. ಒಂದೊಂದೇ ಮಾರಿ ಚೆಲ್ಲಿಬಿಟ್ಟರೆ ಅದೆಲ್ಲ ಹೋಯಿತು. ಆ ಪರಿಚಿತರಿಗೆ ತಹಶೀಲ್ದಾರರ ಕಚೇರಿಗೆ ಹೋಗಲು ಹೇಳಿ, ಸಾಧ್ಯವಾದರೆ ನೀವೂ ಜೊತೆಗೆ ಹೋಗಿ.

ಪ್ರಶ್ನೆ: ಹತ್ತು ರೂಪಾಯಿ ನಾಣ್ಯದಲ್ಲಿ ರೂಪಾಯಿ ಚಿಹ್ನೆ ಇಲ್ಲದ್ದು ಖೋಟಾ ಅಂತೆ, ನಿಜವೇ?

ಉತ್ತರ: ಸುಳ್ಳು. ಆ ಚಿಹ್ನೆ ಬಂದದ್ದೇ 2010ರಲ್ಲಿ. ಅದಕ್ಕೂ ಮುಂಚಿನವು ಸೇರಿ ಹದಿನಾಲ್ಕು ವಿನ್ಯಾಸಗಳೂ ಸಿಂಧು ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲಿ ಹೇಳಿಯಾಗಿದೆ. ಕೊಡಿ, ತೆಗೆದುಕೊಳ್ಳಿ.